ದಾರ ಎತ್ತುವವಳು

ಫೆಬ್ರವರಿ 2, ಸೋಮವಾರ

ಇವತ್ತು ಹೊರೆಯ ಕೆಳಗೆ ತಲೆಗಿಡುವ ಸಿಂಬೆಯನ್ನು ಮನೆಯಲ್ಲೇ ಬಿಟ್ಟು ಕೆಲಸಕ್ಕೆ ಹೋದೆ. ಮದುವೆಯಾದಾಗಿನಿಂದ ಇಟ್ಟಿಗೆ ಹೊತ್ತ ತಲೆ ಇನ್ನು ಮೇಲೆ ಗಾರೆ ಸವರುವ ಕರಣೆ ಹಿಡಿಯುತ್ತದೆ ಎಂದು ಬರೆದರೆ, ತಲೆ ಹೇಗೆ ಕರಣೆ ಹಿಡಿಯುತ್ತದೆ ಎಂದು ಇವರು ಕೇಳುತ್ತಾರೆ. ಅದಕ್ಕೇ ಗಂಡನಿಗೆ ಇದನ್ನು ತೋರಿಸುವುದಿಲ್ಲ. ಇವರ ಹತ್ತಿರ ಹೇಳಿಕೊಂಡರೆ ನಗುತ್ತಾರೆ, ಅತ್ತೆಯ ಹತ್ತಿರ ಹೇಳಿಕೊಂಡರೆ ಅವರು ಅಳುತ್ತಾರೆ. ಕಾಗದ ಎರಡನ್ನೂ ಮಾಡುವುದಿಲ್ಲ.

ಇವರು ಕಟ್ಟಡದ ಸಾರುವೆಯ ಹಲಗೆಯಿಂದ ಬಿದ್ದು ಬೆನ್ನು ಮುರಿದುಕೊಂಡ ಮೇಲೆ ಇವರ ಕರಣೆ, ಮಟ್ಟ ನೋಡುವ ರಸಮಟ್ಟ ಎಲ್ಲ ಮೂಲೆಯಲ್ಲಿ ಬಿದ್ದಿದ್ದವು. ಹಿತ್ತಲಲ್ಲಿ ಮಂಚ ಹಾಕಿಸಿಕೊಂಡು, ಮಲಗಿದ್ದಲ್ಲಿಂದಲೇ ನನಗೆ ಗಾರೆ ಕೆಲಸ ಕಲಿಸಿದರು. ಸಿಮೆಂಟಿಗೆ ದುಡ್ಡೆಲ್ಲಿ? ಬರೀ ಕೆಸರಿನಲ್ಲಿ ಗೋಡೆ ಕಟ್ಟಿಸುವುದು, ಒಣಗುವ ಮೊದಲೇ ಬಿಚ್ಚಿಸುವುದು, ಮಾರನೇ ದಿನ ಮತ್ತೆ ಕಟ್ಟಿಸುವುದು. ಅವೇ ಇಟ್ಟಿಗೆಗಳು ಎಷ್ಟು ಸಲ ಗೋಡೆಯಾದವೋ. ಅತ್ತೆ ದಿನವೂ ಬಾಗಿಲಲ್ಲಿ ನಿಂತು, ಇಬ್ಬರಿಗೂ ತಲೆ ಕೆಟ್ಟಿದೆ ಎಂದು ಹೇಳಿ ಒಳಗೆ ಹೋಗುತ್ತಿದ್ದರು.

ಮೇಸ್ತ್ರಿ ಇವರ ಜೊತೆಗೇ ಕೆಲಸ ಕಲಿತವರು. "ನಿನ್ನ ಗಂಡನ ಮುಖ ನೋಡಿ ತಗೋತಾ ಇದೀನಿ" ಎಂದರು. "ಆದ್ರೆ ಗೋಡೆ ಯಾರ ಮುಖಾನೂ ನೋಡಲ್ಲ, ನೆನಪಿರಲಿ. ಕೈ ಓಡಲಿಲ್ಲ ಅಂದ್ರೆ ಮತ್ತೆ ಬಾಂಡ್ಲಿ ಹೊರೋದೇ."

ಹೂಂ ಎಂದೆ. ಮತ್ತೆ ಹೊರಲು ಆಗುವುದಿಲ್ಲ. ಕತ್ತಿನ ಮೂಳೆ ಸವೆದಿದೆ, ತಲೆಯ ಮೇಲೆ ಇನ್ನು ಒಂದು ಬಿಂದಿಗೆ ನೀರೂ ಇಡಬೇಡ ಎಂದು ಡಾಕ್ಟರು ಹೇಳಿದ್ದಾರೆ. ಅದನ್ನು ಮೇಸ್ತ್ರಿಗೆ ಹೇಳಿಲ್ಲ. ಈ ಕೆಲಸ ಹೋದರೆ ನನಗೆ ಬೇರೆ ಕೆಲಸವೇ ಇಲ್ಲ ಎಂದಾಯಿತು.

ಬೆಳಿಗ್ಗೆ ಗೇಟಿನಲ್ಲಿ ಕಾವಲುಗಾರ ತಡೆದ. "ಅಡುಗೆಯವರು ಹಿಂದಿನ ಗೇಟಿಂದ ಬರಬೇಕಮ್ಮ." ಕರಣೆ ತೋರಿಸಿದೆ. "ಯಜಮಾನ್ರು ಮರೆತು ಹೋಗಿದ್ರಾ, ತಂದು ಕೊಡೋಕೆ ಬಂದ್ರಾ?" ಎಂದ. ಪಾಪ, ಮರ್ಯಾದೆಯಿಂದಲೇ ಕೇಳಿದ.

ಫೆಬ್ರವರಿ 4, ಬುಧವಾರ

ನಾವು ಕಟ್ಟುತ್ತಿರುವುದು ದೊಡ್ಡ ಹಾಸ್ಟೆಲು. ಇಟ್ಟಿಗೆಯೆಲ್ಲ ಲಿಫ್ಟಿನಲ್ಲಿ ಮೇಲೆ ಬರುತ್ತದೆ, ಹಾಗಾಗಿ ಹೊರುವ ಹೆಂಗಸರೂ ಇಲ್ಲ. ಇಡೀ ಕಟ್ಟಡಕ್ಕೆ ಹೆಂಗಸು ಎಂದರೆ ನಾನೊಬ್ಬಳೇ. ನನ್ನ ಅಳತೆಯ ಬೂಟು ಇಲ್ಲವಂತೆ. ಕೊಟ್ಟಿರುವ ಬೂಟಿನೊಳಗೆ ಹಳೇ ಬಟ್ಟೆ ತುರುಕಿಕೊಂಡಿದ್ದೇನೆ, ನಡೆದರೆ ಬಕೆಟ್ಟಿನಲ್ಲಿ ಕಾಲಿಟ್ಟ ಹಾಗೆ ಸದ್ದಾಗುತ್ತದೆ.

ಹಿತ್ತಲಲ್ಲಿ ಕಲಿಯದ ಒಂದು ವಿಷಯವನ್ನು ಇಲ್ಲಿ ಕಲಿಯುತ್ತಿದ್ದೇನೆ, ಅದು ದಾರ. ಉದ್ದ ಗೋಡೆಗೆ ಈ ತುದಿಯಿಂದ ಆ ತುದಿಗೆ ದಾರ ಕಟ್ಟುತ್ತಾರೆ. ಒಂದು ತುದಿ ಕಂಬಕ್ಕೆ, ಇನ್ನೊಂದು ಮೂಲೆ ಹಿಡಿದವನ ಕೈಯಲ್ಲಿ. ನಡುವೆ ನಿಂತವರೆಲ್ಲ ಆ ದಾರದ ಗುಂಟ ತಮ್ಮ ತಮ್ಮ ಪಾಲಿನ ಇಟ್ಟಿಗೆ ಇಡಬೇಕು. ಮೂಲೆಯವನು "ಮೇಲೆ" ಎಂದು ಕೂಗಿ ಮುಂದಿನ ಸಾಲಿಗೆ ದಾರ ಎತ್ತುತ್ತಾನೆ. ಆಗ ಯಾರು ಮುಗಿಸಿಲ್ಲವೋ ಅವರ ಜಾಗ ಹಲ್ಲು ಬಿದ್ದ ಬಾಯಿಯ ಹಾಗೆ ಎಲ್ಲರಿಗೂ ಕಾಣುತ್ತದೆ.

ಮೂಲೆ ಹಿಡಿಯುವವನನ್ನು ಎಲ್ಲರೂ ಗೂಟ ಎನ್ನುತ್ತಾರೆ, ನಿಂತರೆ ಅಲುಗುವುದಿಲ್ಲ ಎಂದು. ನನ್ನ ಪಕ್ಕದಲ್ಲಿ ಮಾವ. ಅವರು ಯಾರಿಗೂ ಮಾವನಲ್ಲ, ಎಲ್ಲರೂ ಹಾಗೇ ಕರೆಯುತ್ತಾರೆ. ವಯಸ್ಸಾಗಿದೆ, ಕೈ ನಡುಗುತ್ತದೆ. ಅವರು ಹಿಂದೆ ಬಿದ್ದರೆ ಆಚೆ ಪಕ್ಕದವನು ಮಾತಿಲ್ಲದೆ ಎರಡು ಇಟ್ಟಿಗೆ ಇಡುತ್ತಾನೆ, ಅಷ್ಟರವರೆಗೆ ಗೂಟ ದಾರ ಎತ್ತದೆ ಬೀಡಿ ಹಚ್ಚುತ್ತಾನೆ. ಮಾವ ನಿಧಾನ ಎಂದು ಯಾರೂ ಹೇಳುವುದಿಲ್ಲ.

ನಾನು ಹಿಂದೆ ಬಿದ್ದಾಗ ದಾರ ಎದ್ದಿತು. ಪ್ರತಿ ಸಲವೂ.

ಮೇಸ್ತ್ರಿ ಬಂದು, "ಈ ಬಾಯಿ ಯಾರದು?" ಎಂದರು.

"ಹೆಂಗಸ್ರು ಇರೋ ಕಡೆ ಬಾಯಿ ಇರಲೇಬೇಕಲ್ಲ" ಎಂದ ಗೂಟ. ಎಲ್ಲರೂ ನಕ್ಕರು. ಗಾರೆ ನನಗೆ ಕೊನೆಯಲ್ಲಿ ಬರುತ್ತಿದೆ, ಬಾಂಡ್ಲಿ ಎಲ್ಲರ ಮುಂದೂ ಸುತ್ತಿ ಆಮೇಲೆ ನನ್ನ ಹತ್ತಿರ ಬರುತ್ತದೆ ಎಂದು ಹೇಳಿದೆ. "ಕುಣಿಯಲಾರದವಳಿಗೆ ನೆಲ ಡೊಂಕು" ಎಂದ. ಅದಕ್ಕೂ ನಕ್ಕರು. ಮಾವ ನಗಲಿಲ್ಲ, ಆದರೆ ತಮ್ಮ ಕರಣೆಯನ್ನೇ ನೋಡುತ್ತಾ ಕೂತರು.

ಫೆಬ್ರವರಿ 11, ಬುಧವಾರ

ನೀರು ಕುಡಿಯುವುದನ್ನು ಬಿಟ್ಟಿದ್ದೇನೆ. ಕುಡಿದರೆ ಹೋಗಬೇಕಾಗುತ್ತದೆ, ಹೋಗಲು ಜಾಗವಿಲ್ಲ. ಗಂಡಸರಿಗೆ ತಗಡಿನ ಒಂದು ಮರೆ ಇದೆ, ಅದಕ್ಕೆ ಬಾಗಿಲಿಲ್ಲ. ಮಧ್ಯಾಹ್ನ ರಸ್ತೆಯ ಆ ತುದಿಯ ಪೆಟ್ರೋಲ್ ಬಂಕಿಗೆ ಹೋಗಿ ಬರುತ್ತೇನೆ. ಊಟದ ಹೊತ್ತು ಅಲ್ಲಿಗೇ ಸರಿಯಾಗುತ್ತದೆ. ಬಂಕಿನವನು ಇವತ್ತು, "ಗಾಡಿ ಇಲ್ದೇ ದಿನಾ ಬರ್ತೀರಲ್ಲಮ್ಮ" ಎಂದ.

ಮೇಸ್ತ್ರಿಗೆ ಹೇಳಿದೆ. "ಒಬ್ಬಳಿಗೋಸ್ಕರ ಕಟ್ಟಿಸೋಕಾಗುತ್ತಾ, ನೀನೇ ಹೇಳು" ಎಂದರು. ಬೈದು ಹೇಳಿದ್ದರೆ ತಿರುಗಿ ಹೇಳಬಹುದಿತ್ತು. ನನ್ನನ್ನೇ ನ್ಯಾಯ ಹೇಳು ಎಂದರು. ನಾವು ನಿಂತು ಮಾತಾಡುತ್ತಿದ್ದುದು ಒಂದು ಕೋಣೆಯ ಬಚ್ಚಲಿನಲ್ಲಿ. ಈ ಕಟ್ಟಡದ ಪ್ರತಿ ಕೋಣೆಗೂ ಒಂದು ಬಚ್ಚಲಿದೆ, ಒಂದಕ್ಕೂ ಇನ್ನೂ ನಲ್ಲಿ ಬಂದಿಲ್ಲ.

ಫೆಬ್ರವರಿ 15, ಭಾನುವಾರ

ಇವರ ಮುಂದೆ ಬಾಯಿ ಬಿಟ್ಟೆ. ಹಿಂದೆ ಬಿದ್ದವರಿಗೆ ಪಕ್ಕದವರು ಇಟ್ಟಿಗೆ ಇಡುತ್ತಾರಲ್ಲ, ನನಗೆ ಯಾಕೆ ಇಡುವುದಿಲ್ಲ ಎಂದೆ.

ಇವರು ಮಂಚದ ಪಟ್ಟಿ ಹಿಡಿದು ನನ್ನ ಕಡೆ ತಿರುಗಿದರು. "ಅದು ಯಾರೂ ಹೇಳಿ ಮಾಡೋದಲ್ಲ. ಇವನು ನಮ್ಮವನು ಅನ್ನಿಸಿದ್ರೆ ಕೈ ತಾನೇ ಹೋಗುತ್ತೆ" ಎಂದರು. ಆಮೇಲೆ, "ನಮ್ಮ ಕಾಲದಲ್ಲಿ ಹೆಂಗಸ್ರು ಇರಲೇ ಇಲ್ವಲ್ಲ" ಎಂದರು.

"ಇದ್ವಿ. ತಲೆ ಮೇಲೆ ಇಟ್ಟಿಗೆ ಹೊತ್ಕೊಂಡು ನಿಮ್ಮ ಪಕ್ಕದಲ್ಲೇ ಇದ್ವಿ."

ನಗಲಿಲ್ಲ. ಮಧ್ಯಾಹ್ನವೆಲ್ಲ ಹಿತ್ತಲಲ್ಲಿ ನಿಲ್ಲಿಸಿಕೊಂಡು, ಇಟ್ಟಿಗೆಯ ರಾಶಿ ಎಡಗೈಗೆ ಎಟುಕುವ ಹಾಗೆ ಹೇಗೆ ಪೇರಿಸಬೇಕು, ಒಂದೇ ಎಳೆತದಲ್ಲಿ ಗಾರೆ ಹೇಗೆ ಹರಡಬೇಕು, ಹೆಚ್ಚಾದದ್ದನ್ನು ಕೆಳಗೆ ಬೀಳಲು ಬಿಡದೆ ಮುಂದಿನ ಇಟ್ಟಿಗೆಯ ಬದಿಗೆ ಹೇಗೆ ಸವರಬೇಕು ಎಂದು ಹೇಳಿಕೊಟ್ಟರು. ಕತ್ತಲಾಗುವವರೆಗೂ ಮಾಡಿದೆ. ಅತ್ತೆ ಬಂದು ಬಾಗಿಲಲ್ಲಿ ನಿಂತವರು ಏನೂ ಹೇಳಲಿಲ್ಲ, ಬಿಸಿನೀರು ಕಾಯಿಸಿಟ್ಟಿದ್ದರು.

ಫೆಬ್ರವರಿ 27, ಶುಕ್ರವಾರ

ಇವತ್ತು ಬೆಳಗಿನಿಂದ ಸಂಜೆಯವರೆಗೆ ಬಾಯಿ ಬಿಡಲಿಲ್ಲ. ಗೋಡೆಯೂ, ನಾನೂ.

ಮಾರ್ಚ್ 9, ಸೋಮವಾರ

ಗೂಟನ ಬೆರಳು ಲಿಫ್ಟಿನ ಬಾಗಿಲಿಗೆ ಸಿಕ್ಕಿತು. ರಕ್ತ ನೋಡಿ ಅವನು ಮಗುವಿನ ಹಾಗೆ ಕುಸಿದ. ನನ್ನ ಸೆರಗನ್ನೇ ಹರಿದು ಕಟ್ಟಿದೆ. ಕರೆದುಕೊಂಡು ಹೋದರು.

ಮೇಸ್ತ್ರಿ ನನ್ನ ಸಾಲುಗಳು ನೆಟ್ಟಗಿವೆಯೇ ಎಂದು ತೂಗುಗುಂಡು ಬಿಟ್ಟು ನೋಡಿದರು. ಮತ್ತೊಮ್ಮೆ ನೋಡಿದರು. "ಅವನು ಬರೋವರೆಗೆ ಮೂಲೆ ನೀನು ಹಿಡಿ" ಎಂದರು.

ದಾರ ನನ್ನ ಕೈಗೆ ಬಂತು. ಎಷ್ಟು ಹಗುರ ಇರುತ್ತದೆ ಅದು. ಸುಖವಾಯಿತು ಎಂದು ಬರೆಯಲು ನಾಚಿಕೆ ಯಾಕೆ, ಸುಖವಾಯಿತು. ಮಾವ ನನ್ನನ್ನು ನೋಡಿ, "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ" ಎಂದು ನಕ್ಕರು.

ಎಲ್ಲರೂ ಮುಗಿಸುವವರೆಗೆ ಕಾದು, ಕೊನೆಯವರ ಕೊನೆಯ ಇಟ್ಟಿಗೆ ಕೂತ ಮೇಲೇ ದಾರ ಎತ್ತಿದೆ. ನನ್ನ ಕೈಯಲ್ಲಿ ದಾರ ಇರುವವರೆಗೆ ಯಾರ ಜಾಗವೂ ಬಾಯಿ ಬಿಡಬಾರದು ಎಂದುಕೊಂಡೆ. ಸಂಜೆ ಮೇಸ್ತ್ರಿ ಗೋಡೆಯ ಎತ್ತರ ನೋಡಿ ಮುಖ ಸಿಂಡರಿಸಿದರು. "ದಾರ ಎತ್ತೋದು ಅಂದ್ರೆ ಮಕ್ಕಳಿಗೆ ತುತ್ತು ತಿನ್ನಿಸೋದಲ್ಲ. ಗೂಟ ಇದ್ದಿದ್ರೆ ಇನ್ನೂ ಮೂರು ಸಾಲು ಆಗಿರ್ತಿತ್ತು."

ಮಾರ್ಚ್ 16, ಸೋಮವಾರ

ಗೂಟ ಬಂದಿದ್ದಾನೆ. ಬೆರಳಿಗೆ ಬ್ಯಾಂಡೇಜು, ಇಟ್ಟಿಗೆ ಹಿಡಿತಕ್ಕೆ ಸಿಗುವುದಿಲ್ಲ. ನಡುವೆ ನಿಂತು ಕೆಲಸ ಮಾಡುತ್ತಾನೆ, ಅವನು ಹಿಂದೆ ಬಿದ್ದರೆ ಎರಡೂ ಕಡೆಯವರು ಇಟ್ಟಿಗೆ ಇಡುತ್ತಾರೆ. ನಾನೂ ಕಾಯುತ್ತೇನೆ. ಗಾಯವಾದ ಮನುಷ್ಯ.

"ಮೂಲೆ ನಿಂದಲ್ಲ, ಎರವಲು" ಎಂದ ನನಗೆ. ಈಗ ಗೋಡೆ ಮೇಸ್ತ್ರಿ ಕೇಳಿದ ಎತ್ತರಕ್ಕೆ ಏಳುತ್ತಿದೆ.

ಮಾರ್ಚ್ 24, ಮಂಗಳವಾರ

ಕಂಪನಿಯ ಆಫೀಸಿನಿಂದ ಒಬ್ಬರು ಮೇಡಂ ಬಂದಿದ್ದರು, ಜೊತೆಗೆ ಇನ್ನೊಬ್ಬ ಹೆಂಗಸು. ಅವಳೂ ಗಾರೆಯವಳು. ಯಾವುದೋ ತರಬೇತಿ ಶಾಲೆಯಲ್ಲಿ ಆರು ತಿಂಗಳು ಕಲಿತಳಂತೆ. ಇಂಥವರನ್ನು ಸೇರಿಸಿಕೊಳ್ಳಬೇಕು ಎಂದು ಕಂಪನಿ ತೀರ್ಮಾನ ಮಾಡಿದೆಯಂತೆ. ಹಿಂದಿನಿಂದಲೇ ಲಾರಿಯಲ್ಲಿ ಒಂದು ನೀಲಿ ಕಕ್ಕಸಿನ ಡಬ್ಬವೂ ಬಂತು. ಇಬ್ಬರು ಹೆಂಗಸರಾದರೆ ಕೊಡಲೇಬೇಕು ಎಂಬ ನಿಯಮ ಇದೆಯಂತೆ. ಚಿಲಕ ಒಳಗಡೆಯೇ ಇದೆ.

ಹೊಸಬಳಿಗೆ ನನಗಿಂತ ಬಹಳ ಕಡಿಮೆ ವಯಸ್ಸು. ಅವಳ ಕಾಲಿಗೆ ಸರಿಯಾಗಿ ಕೂರುವ ಬೂಟು ಇತ್ತು. ನಾನು ಮೊದಲು ನೋಡಿದ್ದು ಅದನ್ನೇ.

ಮಾರ್ಚ್ 25, ಬುಧವಾರ

ಹೊಟ್ಟೆ ತುಂಬ ನೀರು ಕುಡಿದೆ. ಮಧ್ಯಾಹ್ನ ಕೂತು ಊಟ ಮಾಡಿದೆ. ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದೆವು. ಅವಳ ಗಂಡ ಬಿಟ್ಟು ಹೋಗಿದ್ದಾನೆ, ಮಾತು ಬರುವ ವಯಸ್ಸಿನ ಒಂದು ಮಗು ಇದೆ. ಪಕ್ಕದ ಮನೆಯಲ್ಲಿ ಬಿಟ್ಟು ಬರುತ್ತಾಳೆ, ಸಂಜೆ ಹೊತ್ತಿಗೆ ಸರಿಯಾಗಿ ಹೋಗಿ ಕರೆದುಕೊಳ್ಳಬೇಕು.

"ನೀವಿದೀರಿ ಅಂತ ಕೇಳಿದ್ಮೇಲೇ ಅಕ್ಕ, ನಾನು ಒಪ್ಕೊಂಡಿದ್ದು" ಎಂದಳು.

ಒಳ್ಳೆಯ ಮಾತೇ. ಆದರೂ ಏನೋ ಭಾರ ಅನ್ನಿಸಿತು. ಇಷ್ಟು ವರ್ಷ ಹೊತ್ತು ಹೊತ್ತು, ಹಿತ್ತಲ ಕೆಸರಲ್ಲಿ ಕಟ್ಟಿ ಬಿಚ್ಚಿ ನಾನು ಕಲಿತದ್ದನ್ನು ಇವಳು ಬೆಂಚಿನ ಮೇಲೆ ಕೂತು ಆರು ತಿಂಗಳಲ್ಲಿ ಕಲಿತಳು. ಅದೂ ಅಷ್ಟೇನೂ ಚೆನ್ನಾಗಿ ಕಲಿತಿಲ್ಲ.

ಮಾರ್ಚ್ 30, ಸೋಮವಾರ

ಹೊಸಬಳ ಕೈ ಅಚ್ಚುಕಟ್ಟು, ಆದರೆ ನಿಧಾನ. ಪ್ರತಿ ಇಟ್ಟಿಗೆಗೂ ರಸಮಟ್ಟ ಇಟ್ಟು ನೋಡುತ್ತಾಳೆ, ಹೆಣ್ಣು ನೋಡಲು ಬಂದವರ ಹಾಗೆ. ಬಾಂಡ್ಲಿ ಅವಳಿಗೂ ಕೊನೆಗೇ ಬರುತ್ತದೆ. ಪಕ್ಕದವರ ಕೈ ಅವಳ ಕಡೆಗೂ ಹೋಗುವುದಿಲ್ಲ.

ಇವತ್ತು ಅವಳ ಜಾಗ ಖಾಲಿ ಉಳಿದಾಗ ನಾನೇ ಮೂಲೆ ಬಿಟ್ಟು ಬಂದು ಇಟ್ಟಿಗೆ ಇಟ್ಟೆ. "ಇದೇನು ತವರುಮನೆಯಾ?" ಎಂದ ಗೂಟ. ಮೇಸ್ತ್ರಿ ದೂರದಿಂದಲೇ, "ಮೂಲೆಯವರು ಮೂಲೇಲಿರಬೇಕು" ಎಂದು ಕೂಗಿದರು. ಸಂಜೆ ಅವಳ ಕಡೆ ಒಂದು ಸಾಲು ಸ್ವಲ್ಪ ಹೊರಗೆ ಬಂದಿತ್ತು. ಮೇಸ್ತ್ರಿ ಅವಳಿಗೆ ಏನೂ ಹೇಳಲಿಲ್ಲ, ನನ್ನ ಹತ್ತಿರ ಬಂದು, "ನಿಮ್ಮವಳದು ನೋಡು" ಎಂದರು.

ನಿಮ್ಮವಳು ಎಂದರೆ ಏನು? ನಾನು ಹೆತ್ತಿದ್ದೇನೆಯೇ, ಕಟ್ಟಿಕೊಂಡು ಬಂದಿದ್ದೇನೆಯೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವಳು ಬರುವ ಮೊದಲು ನನ್ನ ಗೋಡೆ ನನ್ನದಾಗಿತ್ತು. ಈಗ ಎಲ್ಲಿ ಏನು ಸೊಟ್ಟಗಾದರೂ ಹೆಂಗಸರು ಕಟ್ಟಿದ್ದು ಎನ್ನುತ್ತಾರೆ.

ಏಪ್ರಿಲ್ 7, ಮಂಗಳವಾರ

ಗೂಟನ ಬ್ಯಾಂಡೇಜು ಬಿಚ್ಚಿದ್ದಾರೆ. ಬೆರಳನ್ನು ಮಡಿಸಿ ಬಿಚ್ಚಿ ಮಾಡುತ್ತಾ ನನ್ನ ಮೂಲೆಯನ್ನೇ ನೋಡುತ್ತಿದ್ದ. "ಅಲ್ಲಿ ಒಬ್ಬಳಿಗೋಸ್ಕರ ಇಡೀ ಸಾಲು ಕಾಯ್ತಾ ಇದೆ" ಎಂದು ಮೇಸ್ತ್ರಿಗೆ ಕೇಳುವ ಹಾಗೆ ಹೇಳಿದ.

ಹೊಸಬಳಿಗೆ ಇನ್ನೂ ನಾಲ್ಕು ಇಟ್ಟಿಗೆ ಬಾಕಿ ಇತ್ತು. "ಮೇಲೆ" ಎಂದೆ. ದಾರ ಎತ್ತಿದೆ.

ಅವಳು ಕತ್ತೆತ್ತಿ ನೋಡಿದಳು. ನಾನು ತೂಗುಗುಂಡು ನೋಡಿಕೊಳ್ಳುತ್ತಿದ್ದೆ. ಅವಳ ಒಳ್ಳೆಯದಕ್ಕೇ ಮಾಡಿದ್ದು. ಫೆಬ್ರವರಿಯಲ್ಲಿ ಗೂಟ ಹಾಗೆ ಮಾಡದಿದ್ದರೆ ನನ್ನ ಕೈ ಇಷ್ಟು ಓಡುತ್ತಿತ್ತೇ?

ಟೀ ಹೊತ್ತಿನಲ್ಲಿ ಗೂಟ ಹಲಗೆಯ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದ. "ಬಾ, ಕೂತ್ಕೋ" ಎಂದ. ಇಷ್ಟು ದಿನದಲ್ಲಿ ಮೊದಲ ಸಲ. ಕೂತೆ. ಬೆರಳಿಗೆ ಸೆರಗು ಹರಿದು ಕಟ್ಟಿದ್ದನ್ನು ಎಲ್ಲರಿಗೂ ಹೇಳಿ, "ಇವಳು ಬಿಡು, ಗಂಡು" ಎಂದ. ಮನೆಗೆ ಬಂದು ಇವರಿಗೂ ಹೇಳಿದೆ. ಇವರು ಯಾಕೋ ನಗಲಿಲ್ಲ.

ಏಪ್ರಿಲ್ 15, ಬುಧವಾರ

ಮೆಟ್ಟಿಲ ಮೇಲೆ ಈಗ ಅವಳೊಬ್ಬಳೇ ಊಟ ಮಾಡುತ್ತಾಳೆ. ನನಗೂ ಹೋಗಿ ಕೂರಬೇಕು ಎಂದಿದೆ, ಆದರೆ ಮಧ್ಯಾಹ್ನದ ಹೊತ್ತಿನಲ್ಲೇ ಮರುದಿನದ ಕೆಲಸದ ಮಾತು ನಡೆಯುತ್ತದೆ. ಮೂಲೆ ಹಿಡಿದವರು ಇರದಿದ್ದರೆ ಹೇಗೆ?

ಇವತ್ತು ಕೆಲಸದ ನಡುವೆ ಅವಳು, "ಅಕ್ಕ, ಒಂದು ಗಳಿಗೆ ತಡೀರಿ" ಎಂದಳು. ಜೋರಾಗಿ ಹೇಳಲಿಲ್ಲ. ಆದರೂ ಎಲ್ಲರೂ ನನ್ನ ಕಡೆ ನೋಡಿದರು.

"ನನಗೆ ಯಾರು ತಡೆದಿದ್ರು?" ಎಂದೆ. ನಿಜ ತಾನೇ.

ಅದೇ ಸಾಲಿನಲ್ಲಿ ಮಾವನದೂ ಬಾಕಿ ಇತ್ತು. ಅವರದು ಕೂರುವವರೆಗೆ ನಿಂತೆ, ಆಮೇಲೆ ಎತ್ತಿದೆ. ಹಿರಿಯರು, ಅವರ ವಿಷಯ ಬೇರೆ. ಮಾವ ಥ್ಯಾಂಕ್ಸ್ ಎನ್ನುವ ಹಾಗೆ ಏನೂ ಮಾಡಲಿಲ್ಲ, ಬೆವರು ಒರೆಸಿಕೊಂಡು ಆ ಕಡೆ ತಿರುಗಿದರು. ಇತ್ತೀಚೆಗೆ ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾರೆ. ವಯಸ್ಸಾಯಿತು.

ಏಪ್ರಿಲ್ 17, ಶುಕ್ರವಾರ

ಕೆಟ್ಟ ದಿನ. ದಾರಕ್ಕೆ ಸಮನಾಗಿ ಬರಬೇಕೆಂದು ಹೊಸಬಳು ಅವಸರ ಮಾಡಿದ್ದಾಳೆ. ಗಾರೆ ತೆಳ್ಳಗೆ, ನಡುನಡುವೆ ಪೊಳ್ಳು. ಮೇಸ್ತ್ರಿ ಬಂದು ಬೆರಳಿನಿಂದ ತಟ್ಟಿ ನೋಡಿದರು, ಕಾಲೆತ್ತಿ ಒದ್ದರು. ಅವಳ ಪಾಲಿನ ಅಷ್ಟೂ ಗೋಡೆ ಹಸಿಹಸಿಯಾಗಿಯೇ ಕುಸಿಯಿತು. "ಇದನ್ನ ಮುಗಿಸಿಯೇ ಮನೆಗೆ ಹೋಗು" ಎಂದರು.

ಸಂಜೆ ಎಲ್ಲರೂ ಕೈಕಾಲು ತೊಳೆದುಕೊಂಡರು. ಅವಳು ಇಟ್ಟಿಗೆಗೆ ಅಂಟಿದ ಗಾರೆ ಕೆರೆಯುತ್ತಾ ಕೂತಿದ್ದಳು. ಮಗುವನ್ನು ಕರೆದುಕೊಳ್ಳಲು ಹೊತ್ತಾಗಿತ್ತು ಎಂದು ಕಾಣುತ್ತದೆ, ಫೋನಿನಲ್ಲಿ ಯಾರನ್ನೋ ಬೇಡಿಕೊಳ್ಳುತ್ತಿದ್ದಳು. ಇಬ್ಬರು ಕೂತರೆ ಬೇಗ ಮುಗಿಯುತ್ತಿತ್ತು. ಒಂದು ಕ್ಷಣ ನಿಂತೆ. ಗೂಟ ಗೇಟಿನಿಂದ ಕರೆದ, "ಬರಲ್ವಾ?"

ಬಸ್ಸು ತಪ್ಪಿದರೆ ಮುಂದಿನದು ಯಾವಾಗಲೋ. ಬಂದೆ.

ಅವಳು ಕಲಿಯಬೇಕು ತಾನೇ. ನನ್ನ ಹಿತ್ತಲ ಗೋಡೆಯನ್ನು ಇವರು ದಿನವೂ ಬಿಚ್ಚಿಸುತ್ತಿದ್ದರು, ನಾನೇನು ಅಳುತ್ತಾ ಕೂತೆನೇ? ಊಟ ಸೇರಲಿಲ್ಲ. ಬಿಸಿಲಿಗಿರಬೇಕು.

ಏಪ್ರಿಲ್ 22, ಬುಧವಾರ

ಆಫೀಸಿನ ಮೇಡಂ ಮತ್ತೆ ಬಂದಿದ್ದರು. ನಮ್ಮಿಬ್ಬರನ್ನೂ ಪಕ್ಕಕ್ಕೆ ಕರೆದು, ಇಲ್ಲಿ ಏನಾದರೂ ತೊಂದರೆ ಇದೆಯೇ, ಬೇರೆಬೇರೆ ಥರ ನೋಡುತ್ತಾರೆಯೇ, ಧೈರ್ಯವಾಗಿ ಹೇಳಿ ಎಂದರು. ಮೇಸ್ತ್ರಿ ಅಷ್ಟು ದೂರದಲ್ಲಿ ನಿಂತು ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದರು.

ಹೊಸಬಳು ನನ್ನನ್ನು ನೋಡಿದಳು. ಅವಳು ಹೇಳಿದರೆ ಕುಣಿಯಲಾರದವಳ ಮಾತು ಎನ್ನುತ್ತಾರೆ, ನಾನು ಹೇಳಿದರೆ ಕೇಳುತ್ತಾರೆ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಬಾಂಡ್ಲಿ ಯಾಕೆ ಕೊನೆಗೆ ಬರುತ್ತದೆ ಎಂಬುದು ನನ್ನ ನಾಲಿಗೆಯ ತುದಿಗೇ ಬಂದಿತ್ತು.

"ಇಲ್ಲಿ ಹೆಂಗಸು ಗಂಡಸು ಅಂತೇನಿಲ್ಲ ಮೇಡಂ" ಎಂದೆ. "ಕೆಲಸ ಬಂದ್ರೆ ಯಾರಿಗೂ ತೊಂದ್ರೆ ಇಲ್ಲ."

ಮೇಡಂಗೆ ಬಹಳ ಸಂತೋಷವಾಯಿತು. ನನ್ನ ಫೋಟೋ ತೆಗೆದುಕೊಂಡರು, ಕರಣೆ ಹಿಡಿದು, ನಗುತ್ತಾ. ಹೊಸಬಳನ್ನೂ ಪಕ್ಕದಲ್ಲಿ ನಿಲ್ಲಿಸಲು ನೋಡಿದರು, ಅವಳು ಗಾರೆ ಒಣಗುತ್ತದೆ ಎಂದು ಹೊರಟುಹೋದಳು.

ಏಪ್ರಿಲ್ 23, ಗುರುವಾರ

ಹೊಸಬಳನ್ನು ಗೋಡೆಗೆ ನೀರು ಹಾಕುವ ಕೆಲಸಕ್ಕೆ ಹಾಕಿದ್ದಾರೆ. ಪೈಪು ಹಿಡಿದು ನಾವು ಕಟ್ಟಿದ್ದನ್ನೆಲ್ಲ ನೆನೆಸುತ್ತಾ ಹೋಗುತ್ತಾಳೆ. ಸುಲಭದ ಕೆಲಸ, ಹೊತ್ತಿಗೆ ಸರಿಯಾಗಿ ಮನೆಗೂ ಹೋಗಬಹುದು. ಕೂಲಿ ಮಾತ್ರ ಕಡಿಮೆ. ನನ್ನನ್ನು ಅಕ್ಕ ಎನ್ನುವುದನ್ನು ಬಿಟ್ಟಿದ್ದಾಳೆ. ಮೇಡಂ ಎನ್ನುತ್ತಾಳೆ.

ಮೇ 4, ಸೋಮವಾರ

ಹೊಸಬಳು ಬರುತ್ತಿಲ್ಲ. ಬಿಟ್ಟಳಂತೆ.

ಮೇ 6, ಬುಧವಾರ

ನೀಲಿ ಡಬ್ಬಕ್ಕೆ ಬೀಗ ಹಾಕಿ ಒಳಗೆ ಬಣ್ಣದ ಡಬ್ಬಗಳನ್ನು ಇಟ್ಟಿದ್ದಾರೆ. ಬಣ್ಣ ಬಿಸಿಲಿಗೆ ಕೆಡುತ್ತದಂತೆ. ಮೇಸ್ತ್ರಿಯನ್ನು ಕೇಳಬೇಕು ಎಂದುಕೊಂಡೆ. ಆಮೇಲೆ, ಕೇಳಿದರೆ ಇವಳೂ ಶುರುಮಾಡಿದಳು ಎನ್ನುತ್ತಾರೆ ಎಂದು ಬಿಟ್ಟೆ. ನನಗೇನು, ಅಭ್ಯಾಸವಿದೆ. ಬಂಕಿನವನು ಬದಲಾಗಿದ್ದಾನೆ, ಹೊಸಬ ಏನೂ ಕೇಳುವುದಿಲ್ಲ.

ಮೇ 13, ಬುಧವಾರ

ಹೊಸಬಳ ವಿಷಯ ಇವರಿಗೆ ಹೇಳುತ್ತಿದ್ದೆ. ಮನಸ್ಸಿದ್ದರೆ ನಿಲ್ಲಬಹುದಿತ್ತು, ಎಲ್ಲರ ಕೈಲಿ ಆಗುವ ಕೆಲಸವಲ್ಲ ಇದು, ಎರಡು ಮಾತು ಬಂದರೆ ತಡೆಯುವುದಿಲ್ಲ ಈಗಿನವರು ಎಂದೆ.

ಇವರು ಛಾವಣಿ ನೋಡುತ್ತಾ ಮಲಗಿದ್ದರು. "ಥೇಟ್ ನಮ್ಮ ಥರಾನೇ ಮಾತಾಡೋಕೆ ಕಲಿತುಬಿಟ್ಟೆ" ಎಂದರು.

ನಮ್ಮ ಎಂದರೆ ಗಾರೆಯವರ ಥರ. ಇವರ ಬಾಯಿಂದ ಹೊಗಳಿಕೆ ಬರುವುದೇ ಅಪರೂಪ. ಆದರೆ ಹೊಗಳುವಾಗ ಮುಖ ಹಾಗೆ ಯಾಕೆ ಮಾಡಿಕೊಂಡರೋ.

ಮೇ 25, ಸೋಮವಾರ

ಇಟ್ಟಿಗೆ ಕೆಲಸ ಮುಗಿಯಿತು. ಊರಾಚೆ ಆಸ್ಪತ್ರೆಯ ಕಟ್ಟಡ ಶುರುವಾಗುತ್ತಿದೆ, ಮೇಸ್ತ್ರಿ ಅಲ್ಲಿಗೆ ಕರೆದುಕೊಂಡು ಹೋಗುವವರ ಹೆಸರು ಹೇಳುತ್ತಾ ಬಂದರು. ಗೂಟ. ಮಾವ. ಮಾವನ ಆಚೆ ಪಕ್ಕದವನು. ಎಲ್ಲರ ಹೆಸರೂ ಬಂತು. ನಾನು ಕರಣೆ ತೊಳೆಯುತ್ತಾ ಕಾದೆ.

"ನಿನ್ನ ಕೈ ಬಗ್ಗೆ ಎರಡು ಮಾತಿಲ್ಲ" ಎಂದರು ಆಮೇಲೆ ನನ್ನನ್ನು ಕರೆದು. "ಆದ್ರೆ ಆಫೀಸಿನವರು ಹೊಸ ನಿಯಮ ಮಾಡಿದ್ದಾರೆ. ಹೆಂಗಸ್ರನ್ನ ತಗೊಂಡ್ರೆ ಇಬ್ಬರಾದ್ರೂ ಇರಬೇಕಂತೆ, ಒಬ್ಬಳನ್ನೇ ಗಂಡಸರ ಮಧ್ಯೆ ಬಿಡಬಾರದಂತೆ. ನಿಮ್ಮ ಒಳ್ಳೇದಕ್ಕೇ ಮಾಡಿರೋದು."

"ಇಷ್ಟು ದಿನ ಒಬ್ಬಳೇ ಇದ್ದೆನಲ್ಲ."

"ಅದನ್ನೇ ನಾನೂ ಹೇಳ್ದೆ. ಇಬ್ಬರನ್ನ ತಗೊಂಡ್ರಿ, ಒಬ್ಬಳು ನಿಲ್ಲಲಿಲ್ಲ, ಹೆಂಗಸ್ರು ನಿಲ್ಲಲ್ಲ ಅಂತಾರೆ." ಹೆಲ್ಮೆಟ್ಟು ತೆಗೆದು ತಲೆ ಒರೆಸಿಕೊಂಡು, "ಒಂದು ಕೆಲಸ ಮಾಡು. ಸೋಮವಾರದೊಳಗೆ ಇನ್ನೊಬ್ಬಳನ್ನ ಕರ್ಕೊಂಡು ಬಾ. ಆ ಹೊಸಬಳೇ ಆಗಲಿ. ಇಬ್ಬರನ್ನೂ ಸೇರಿಸ್ತೀನಿ, ಮೂಲೇನೂ ನಿಂಗೇ ಕೊಡ್ತೀನಿ" ಎಂದರು.

ಗೂಟ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ. ನನ್ನ ಪರವಾಗಿ ಒಂದು ಮಾತಾಡುತ್ತಾನೆ ಎಂದುಕೊಂಡಿದ್ದೆ. ಬೆರಳು ನೋಡಿಕೊಳ್ಳುತ್ತಿದ್ದ.

ಮೇ 28, ಗುರುವಾರ

ಗೊತ್ತಿದ್ದ ಹೊರುವ ಹೆಂಗಸರನ್ನೆಲ್ಲ ಕೇಳಿ ಬಂದೆ. ಒಬ್ಬಳಿಗೂ ಕರಣೆ ಹಿಡಿದು ಗೊತ್ತಿಲ್ಲ. ಯಾರು ಕಲಿಸಿದ್ದಾರೆ? ಅತ್ತೆ, "ಒಲೆಯ ಮುಂದೆ ಕೂತು ಇಬ್ಬರೂ ಏನಾದ್ರೂ ತಿಂಡಿ ಮಾಡಿ ಮಾರೋಣ" ಎಂದರು. ನನಗೆ ಅಳು ಬಂತು. ಅಡುಗೆ ಕೀಳು ಎಂದಲ್ಲ. ದಾರ ಎಳೆದಾಗ ಟಿಂಗ್ ಎನ್ನುತ್ತದಲ್ಲ, ಅದು ಇನ್ನು ನನ್ನ ಕೈಗೆ ಇಲ್ಲವಲ್ಲ ಎಂದು.

ಮೇ 31, ಭಾನುವಾರ

ಹೊಸಬಳ ಮನೆ ಹುಡುಕಿಕೊಂಡು ಹೋದೆ. ಕಡಿದಾದ ಮೆಟ್ಟಿಲು, ಮೇಲೆ ಒಂದೇ ಕೋಣೆ. ಬಾಗಿಲ ಪಕ್ಕದ ಮೇಜಿನ ಮೇಲೆ ಯಾರದೋ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಮಗು ಕುದುರೆಯ ಹಾಗೆ ಪೊರಕೆ ಏರಿ ಕೋಣೆಯ ತುಂಬ ಓಡುತ್ತಿತ್ತು. ಗಟ್ಟಿಮುಟ್ಟಾದ ಮಗು, ಕೆನ್ನೆ ತುಂಬಿದೆ.

ಒಳಗೆ ಬನ್ನಿ ಎಂದಳು. ಕೂರಿಸಿದಳು. ನೀರು ಕೊಟ್ಟಳು.

ಎಲ್ಲವನ್ನೂ ಹೇಳಿದೆ. ಆಸ್ಪತ್ರೆ ಕಟ್ಟಡ ಎರಡು ವರ್ಷದ ಕೆಲಸ, ಪೂರ್ತಿ ಗಾರೆಯವರ ಕೂಲಿ, ಕಕ್ಕಸು ಕೊಡಲೇಬೇಕು, ಇಬ್ಬರೂ ಒಟ್ಟಿಗೆ ಹೋಗಿ ಒಟ್ಟಿಗೆ ಬರಬಹುದು. ನನ್ನ ಕತ್ತಿನ ವಿಷಯವನ್ನೂ ಹೇಳಿದೆ, ಗಂಡನನ್ನು ಬಿಟ್ಟರೆ ಇವಳೊಬ್ಬಳಿಗೇ ಹೇಳಿದ್ದು. "ನೀನು ಬರದಿದ್ರೆ ನನಗೂ ಇಲ್ಲ" ಎಂದೆ.

ಅವಳು ಅಂಗಿಯ ತೋಳನ್ನು ಮಡಿಸಿ, ಅದರ ಮೇಲೆ ಇಸ್ತ್ರಿ ಎಳೆದಳು. ಕೈ ಅದೇ ಅಚ್ಚುಕಟ್ಟು.

"ಮೂಲೆ ಯಾರು ಹಿಡೀತಾರೆ?" ಎಂದಳು.

ಅವಳಿಗೆ ಧೈರ್ಯ ಬರಲಿ ಎಂದು, "ನಾನೇ. ಬೇರೆ ಯಾರೂ ಅಲ್ಲ, ನಾನೇ ಹಿಡಿಯೋದು" ಎಂದೆ.

ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. ಕೋಪ ಮಾಡಿಕೊಳ್ಳಲಿಲ್ಲ, ದನಿ ಏರಿಸಲಿಲ್ಲ. "ಗೂಟಣ್ಣ ಹಿಡಿಯೋದಾಗಿದ್ರೆ ಬರ್ತಿದ್ದೆನೇನೋ" ಎಂದಳು. "ಅವರು ದಾರ ಎತ್ತಿದ್ರೆ ನನಗೆ ಅಳು ಬರ್ತಿರ್ಲಿಲ್ಲ."

ಮಗು ಪೊರಕೆಯಿಂದ ಇಳಿದು ನನ್ನ ಬಳೆ ಮುಟ್ಟಿ ನೋಡಿತು. ಇನ್ನೂ ಏನೋ ಹೇಳಬೇಕೆಂದು ಕೂತೇ ಇದ್ದೆ. ಅವಳು ಮುಂದಿನ ಅಂಗಿ ತೆಗೆದುಕೊಂಡಳು. ನೀರು ಮುಗಿಸಿ ಎದ್ದು ಬಂದೆ.

ಮನೆಗೆ ಬಂದಾಗ ಇವರು ಮಂಚದಿಂದಲೇ ತಲೆಯೆತ್ತಿ, "ಏನಂದ್ಲು, ಬರ್ತಾಳಂತಾ?" ಎಂದು ಕೇಳಿದರು.

"ಮಗುಗೆ ಹುಷಾರಿಲ್ವಂತೆ" ಎಂದೆ.